ಅಂಕೆ-ಸಂಖ್ಯೆ ಪ್ರಶ್ನೋತ್ತರ: ಮಂಜೇಶ್ವರದ 671323ಕ್ಕೆ ಉಪ್ಪಳದ ಸಾಕ್ಷಿ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ದೊಡ್ಡ ಪೂರ್ಣಸಂಖ್ಯೆಗಳ ಬಗ್ಗೆ. ಅದರಲ್ಲೂ ಮೂರು ಕಾಸರಗೋಡು ಜಿಲ್ಲೆಯ ಪಿನ್‌ಕೋಡ್‌ಗಳ ಮೇಲೆಯೇ ಬಂದಿವೆ. ಆರಂಕಿಯ ಸಂಖ್ಯೆ ಕೈಲೆಕ್ಕಕ್ಕೆ ಹೇಳಿ ಮಾಡಿಸಿದ ಗಾತ್ರದ್ದು. ನೋಡಿದ ಕೂಡಲೇ ಗುಟ್ಟು ಬಿಟ್ಟುಕೊಡುವುದಿಲ್ಲ, ಹಾಗೆಂದು ಕಂಪ್ಯೂಟರ್ ಇಲ್ಲದೆ ಆಗದು ಎಂಬಷ್ಟು ದೊಡ್ಡದೂ ಅಲ್ಲ. ಆದ್ದರಿಂದ ಆ ಪ್ರಶ್ನೆಗಳಿಗೆ ಜಾಗ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ (ಮಂಜೇಶ್ವರ): ನಮ್ಮ ಪಿನ್‌ಕೋಡ್ 671323. ಇದು 2, 3, 5, 7, 11 ಯಾವುದರಿಂದಲೂ ನಿಶ್ಶೇಷವಾಗಿ ಭಾಗ ಹೋಗುವುದಿಲ್ಲ. ಹಾಗಾದರೆ ಅವಿಭಾಜ್ಯ ಸಂಖ್ಯೆ ಎನ್ನಬಹುದೆ? ಎಲ್ಲಿಯವರೆಗೆ ಭಾಗಿಸಿ ನೋಡಿದರೆ ಖಚಿತವಾಗುತ್ತದೆ?

ಉತ್ತರ: ಹೌದು, 671323 ಅವಿಭಾಜ್ಯ ಸಂಖ್ಯೆ. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಅದನ್ನು ಭಾಗಿಸುವ ಸಂಖ್ಯೆ ಬೇರೊಂದಿಲ್ಲ. ಆದರೆ 11ಕ್ಕೆ ನಿಲ್ಲಿಸಿ ಹಾಗೆ ಹೇಳುವಂತಿಲ್ಲ, 819ರವರೆಗೆ ಹೋಗಬೇಕು.

819 ಎಲ್ಲಿಂದ ಬಂತು ಎಂದರೆ, ಅದು ಈ ಸಂಖ್ಯೆಯ ವರ್ಗಮೂಲದ ಪೂರ್ಣ ಭಾಗ. 819ರ ವರ್ಗ 670761, 820ರ ವರ್ಗ 672400. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಯಾವುದೇ ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಅಪವರ್ತನ ಇದ್ದರೆ ಅದರ ಚಿಕ್ಕ ಜೊತೆಗಾರ 819ರ ಒಳಗೇ ಸಿಗಬೇಕು. ಸಂಖ್ಯೆಯ ಅರ್ಧದವರೆಗೆ, ಅಂದರೆ 335661ರವರೆಗೆ, ಭಾಗಿಸಬೇಕು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪಲ್ಲ, ವ್ಯರ್ಥ ಶ್ರಮ. ನಿಜವಾದ ತಪ್ಪು ಆಗುವುದು ಬೇಗ ನಿಲ್ಲಿಸಿದಾಗ. ಶಾಲಾ ಪುಸ್ತಕಗಳ ಪಟ್ಟಿ 100ಕ್ಕೆ ಮುಗಿಯುತ್ತದೆ, ಅದರಲ್ಲಿರುವ 25 ಅವಿಭಾಜ್ಯಗಳಿಂದ ಭಾಗಿಸಿ ಕೈ ತೊಳೆದುಕೊಂಡರೆ 10403 ಕೂಡ ಅವಿಭಾಜ್ಯವೆಂದೇ ಕಾಣುತ್ತದೆ. ಅದು 101 × 103.

819ರೊಳಗಿನ ಅವಿಭಾಜ್ಯ ಸಂಖ್ಯೆಗಳು 141, ಕೊನೆಯದು 811. 4, 6, 9, 15 ಮುಂತಾದವುಗಳಿಂದ ಭಾಗಿಸುವುದು ಬೇಡ, ಏಕೆಂದರೆ ಅವುಗಳ ಅವಿಭಾಜ್ಯ ಅಪವರ್ತನಗಳನ್ನು ಮೊದಲೇ ನೋಡಿರುತ್ತೇವೆ. ಈ 141ರಲ್ಲೂ ಕೆಲವನ್ನು ಭಾಗಾಕಾರವಿಲ್ಲದೆಯೇ ಮುಗಿಸಬಹುದು. ಕೊನೆಯ ಅಂಕಿ 3 ಆದ್ದರಿಂದ 2 ಮತ್ತು 5 ಇಲ್ಲ. ಅಂಕಿಗಳ ಮೊತ್ತ 22, ಆದ್ದರಿಂದ 3 ಇಲ್ಲ. 7, 11, 13 ಈ ಮೂರನ್ನು ಒಂದೇ ಕಳೆಯುವ ಲೆಕ್ಕದಲ್ಲಿ ನೋಡಬಹುದು. 7 × 11 × 13 = 1001. ಆದ್ದರಿಂದ ಆರಂಕಿಯ ಸಂಖ್ಯೆಯ ಮೊದಲ ಮೂರಂಕಿಯಿಂದ ಕೊನೆಯ ಮೂರಂಕಿಯನ್ನು ಕಳೆದು, ಉಳಿದದ್ದನ್ನು ಪರೀಕ್ಷಿಸಿದರೆ ಸಾಕು. 671 − 323 = 348. ಇದನ್ನು 7ರಿಂದ ಭಾಗಿಸಿದರೆ ಶೇಷ 5, 11ರಿಂದ 7, 13ರಿಂದ 10. ಮೂರೂ ಹೋಗುವುದಿಲ್ಲ. ಹಾಗೆಯೇ 999 = 27 × 37 ಆದ್ದರಿಂದ ಎರಡು ಗುಂಪುಗಳನ್ನು ಕೂಡಿಸಿದರೆ 37ರ ಪರೀಕ್ಷೆ ಮುಗಿಯುತ್ತದೆ: 671 + 323 = 994, 37ರಿಂದ ಶೇಷ 32.

ಉಳಿದವಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಆದರೆ ಉತ್ತರದ ದಶಮಾಂಶ ಭಾಗವನ್ನು ಕಣ್ಣಳತೆಯಲ್ಲಿ ಬಿಡಬೇಡಿ. 671323ನ್ನು 127ರಿಂದ ಭಾಗಿಸಿದರೆ 5286.00787 ಎಂದು ಬರುತ್ತದೆ. ಬಿಂದುವಿನ ಮುಂದೆ ಎರಡು ಸೊನ್ನೆ ಕಂಡು ‘ಹೋಯಿತು’ ಎಂದು ಬರೆದುಬಿಡುವುದೇ ಇಲ್ಲಿನ ದೊಡ್ಡ ಅಪಾಯ. 601ರಿಂದಲೂ ಹಾಗೆಯೇ, 1117.00998. ಶೇಷ ಬೇಕಾದರೆ ಪೂರ್ಣ ಭಾಗವನ್ನು ಕಳೆದು, ಉಳಿದ ದಶಮಾಂಶವನ್ನು ಭಾಜಕದಿಂದ ಗುಣಿಸಿ. ಮೊದಲನೆಯದಕ್ಕೆ 1, ಎರಡನೆಯದಕ್ಕೆ 6 ಬರುತ್ತದೆ. ಗುಣಿಸಿದಾಗ 5.95ರಂತೆ ಬಂದರೆ ಗಾಬರಿ ಬೇಡ, ಅದು ಕ್ಯಾಲ್ಕುಲೇಟರ್ ಕೊನೆಯ ಸ್ಥಾನಗಳನ್ನು ಕತ್ತರಿಸಿದ ಪರಿಣಾಮ. ಹತ್ತಿರದ ಪೂರ್ಣಸಂಖ್ಯೆಯೇ ಶೇಷ.

ಪರಿಶೀಲಿಸಿಕೊಳ್ಳಲು ಇನ್ನು ಕೆಲವು ಶೇಷಗಳು: 17ಕ್ಕೆ 10, 29ಕ್ಕೆ 2, 43ಕ್ಕೆ 7, 107ಕ್ಕೆ 5, 281ಕ್ಕೆ 14, 787ಕ್ಕೆ 12, ಕೊನೆಯ 811ಕ್ಕೆ 626. ಪಟ್ಟಿಯಲ್ಲಿ ಒಂದೇ ಒಂದು ಅವಿಭಾಜ್ಯ ಬಿಟ್ಟುಹೋದರೂ ಇಡೀ ಪರೀಕ್ಷೆ ನಿರರ್ಥಕ. ಅದಕ್ಕೇ ಪಟ್ಟಿಯನ್ನು ಎಣಿಸಿಕೊಂಡು, 141 ಆಗಿದೆಯೆ ಎಂದು ಮೊದಲು ನೋಡಿ, ಆಮೇಲೆ ಭಾಗಿಸಲು ಕೂರಬೇಕು.

ಪ್ರಶ್ನೆ (ಉಪ್ಪಳ): ನಮ್ಮದು 671322, ಮಂಜೇಶ್ವರಕ್ಕಿಂತ ಒಂದು ಕಡಿಮೆ. ಅಕ್ಕಪಕ್ಕದ ಎರಡು ಸಂಖ್ಯೆಗಳ ಅಪವರ್ತನಗಳಿಗೆ ಪರಸ್ಪರ ಏನಾದರೂ ಸಂಬಂಧ ಇರುತ್ತದೆಯೆ?

ಉತ್ತರ: ಒಂದು ಅರ್ಥದಲ್ಲಿ ಏನೂ ಇಲ್ಲ. ಅಕ್ಕಪಕ್ಕದ ಎರಡು ಸಂಖ್ಯೆಗಳ ಮ.ಸಾ.ಅ. ಯಾವಾಗಲೂ 1. ಒಂದರ ಅಪವರ್ತನ ಇನ್ನೊಂದರಲ್ಲಿ ಇರಲಾರದು. ಇನ್ನೊಂದು ಅರ್ಥದಲ್ಲಿ ಸಂಬಂಧ ಬಹಳ ಆಳದ್ದು. ಮಂಜೇಶ್ವರದ ಸಂಖ್ಯೆ ಅವಿಭಾಜ್ಯ ಎಂಬುದನ್ನು 141 ಭಾಗಾಕಾರ ಮಾಡದೆ, ಉಪ್ಪಳದ ಸಂಖ್ಯೆಯ ಬಲದಿಂದಲೇ ಸಾಧಿಸಬಹುದು. ಲೆಕ್ಕ ಪ್ರೀತಿಸುವವರು ಕಾಗದ ಹಿಡಿದು ಕೂತು ಒಮ್ಮೆಯಾದರೂ ಮಾಡಿ ನೋಡಬೇಕಾದದ್ದು ಇದು.

ಮೊದಲು ಉಪ್ಪಳದ ಸಂಖ್ಯೆಯನ್ನು ಒಡೆಯೋಣ. ಸಮಸಂಖ್ಯೆ, ಅಂಕಿಗಳ ಮೊತ್ತ 21. ಆದ್ದರಿಂದ 6ರಿಂದ ಹೋಗುತ್ತದೆ: 671322 ÷ 6 = 111887. ಮಂಜೇಶ್ವರದ ಸಂಖ್ಯೆಯನ್ನು 127ರಿಂದ ಭಾಗಿಸಿದಾಗ ಶೇಷ 1 ಬಂದಿತ್ತು, ಅಂದರೆ ಒಂದು ಕಡಿಮೆಯಾದ ಈ ಸಂಖ್ಯೆ 127ರಿಂದ ಸರಿಯಾಗಿ ಹೋಗಬೇಕು. 111887 ÷ 127 = 881. ಹೀಗೆ 671322 = 2 × 3 × 127 × 881. 881 ಅವಿಭಾಜ್ಯ (29ರವರೆಗೆ ಭಾಗಿಸಿದರೆ ಸಾಕು). ಈಗ ಮುಖ್ಯವಾಗಿ ಗಮನಿಸಬೇಕಾದದ್ದು, 881 ಎಂಬುದು 819ಕ್ಕಿಂತ ದೊಡ್ಡದು. ಇದೇ ನಮ್ಮ ಕೈಗೆ ಸಿಕ್ಕ ಹಿಡಿ.

ಫ್ರಾನ್ಸಿನ ಫರ್ಮಾ 1640ರಲ್ಲಿ ಹೇಳಿದ ಒಂದು ನಿಯಮವಿದೆ. ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡು, ಅದರಿಂದ ಭಾಗ ಹೋಗದ ಒಂದು ಸಂಖ್ಯೆಯನ್ನು ‘ಅವಿಭಾಜ್ಯಕ್ಕಿಂತ ಒಂದು ಕಡಿಮೆ’ಯ ಘಾತಕ್ಕೆ ಏರಿಸಿ ಭಾಗಿಸಿದರೆ ಶೇಷ 1 ಬಂದೇ ತೀರುತ್ತದೆ. ಹಾಗಾದರೆ 2ರ 671322ನೇ ಘಾತವನ್ನು 671323ರಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೆ ನೋಡಬೇಕು.

ಇಷ್ಟು ದೊಡ್ಡ ಘಾತವನ್ನು ಬರೆಯಲಾಗದು, ಬರೆಯಬೇಕಾಗಿಯೂ ಇಲ್ಲ. ಘಾತವನ್ನು ಅರ್ಧ ಮಾಡುತ್ತ ಬನ್ನಿ, ಬೆಸಸಂಖ್ಯೆ ಬಂದರೆ 1 ಬಿಟ್ಟು ಅರ್ಧ ಮಾಡಿ: 671322, 335661, 167830, 83915, 41957, 20978, 10489, 5244, 2622, 1311, 655, 327, 163, 81, 40, 20. ಈಗ ಕೆಳಗಿನಿಂದ ಮೇಲಕ್ಕೆ ಏರಬೇಕು. ಪ್ರತಿ ಮೆಟ್ಟಿಲಿನಲ್ಲೂ ಹಿಂದಿನ ಶೇಷವನ್ನು ವರ್ಗ ಮಾಡಿ, 671323ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಏರಿದ ಘಾತ ಬೆಸವಾಗಿದ್ದರೆ ಆ ಶೇಷವನ್ನು 2ರಿಂದ ಗುಣಿಸಿ, 671323 ಮೀರಿದರೆ ಅದನ್ನು ಕಳೆಯಿರಿ. ಅಷ್ಟೇ. ಬರಬೇಕಾದ ಶೇಷಗಳು ಹೀಗಿವೆ:

20ನೇ ಘಾತಕ್ಕೆ 377253
40ಕ್ಕೆ 21332
81ಕ್ಕೆ 465783
163ಕ್ಕೆ 670420
327ಕ್ಕೆ 288172
655ಕ್ಕೆ 221645
1311ಕ್ಕೆ 191739
2622ಕ್ಕೆ 182672
5244ಕ್ಕೆ 278546
10489ಕ್ಕೆ 108105
20978ಕ್ಕೆ 300241
41957ಕ್ಕೆ 153928
83915ಕ್ಕೆ 310444
167830ಕ್ಕೆ 347256
335661ಕ್ಕೆ 671322

ಕೊನೆಯ ಶೇಷ ಭಾಜಕಕ್ಕಿಂತ ಒಂದೇ ಕಡಿಮೆ, ಅಂದರೆ −1 ಇದ್ದ ಹಾಗೆ. ಅದರ ವರ್ಗ 1. ಆದ್ದರಿಂದ 671322ನೇ ಘಾತಕ್ಕೆ ಶೇಷ 1.

ಲೆಕ್ಕ ಮಾಡುವಾಗ ಕೆಡುವ ಜಾಗಗಳು ಎರಡು. ಎಂಟಂಕಿಯ ಅಗ್ಗದ ಕ್ಯಾಲ್ಕುಲೇಟರ್ ಇಲ್ಲಿ ಕೆಲಸಕ್ಕೆ ಬಾರದು, ಆರಂಕಿಯ ಸಂಖ್ಯೆಯ ವರ್ಗ ಹನ್ನೆರಡಂಕಿಯವರೆಗೆ ಹೋಗುತ್ತದೆ. ಅಂಗಡಿಯ ಮೇಜಿನ ಮೇಲಿಡುವ ಹನ್ನೆರಡಂಕಿಯದು ಬೇಕು. ಎರಡನೆಯದು, ದೊಡ್ಡ ಶೇಷವನ್ನು ಹಾಗೆಯೇ ವರ್ಗ ಮಾಡಲು ಹೋಗುವುದು. 670420 ಎಂಬುದು ಭಾಜಕಕ್ಕೆ 903 ಕಡಿಮೆ. 903ರ ವರ್ಗವೂ ಅದೇ ಶೇಷ ಕೊಡುತ್ತದೆ: 815409, ಅದರಿಂದ 671323 ಕಳೆದರೆ 144086, ಎರಡರಿಂದ ಗುಣಿಸಿದರೆ 288172. ಶೇಷ ಅರ್ಧಕ್ಕಿಂತ ಹೆಚ್ಚಿದ್ದಾಗಲೆಲ್ಲ ಹೀಗೆ ಕೊರತೆಯನ್ನೇ ವರ್ಗ ಮಾಡಿದರೆ ತಪ್ಪು ಕಡಿಮೆ.

ಇಷ್ಟಕ್ಕೇ ‘ಅವಿಭಾಜ್ಯ’ ಎಂದು ಬರೆಯುವಂತಿಲ್ಲ. ಫರ್ಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಕಳ್ಳಸಂಖ್ಯೆಗಳಿವೆ. 341 = 11 × 31, ಆದರೂ 2ರ 340ನೇ ಘಾತವನ್ನು 341ರಿಂದ ಭಾಗಿಸಿದರೆ ಶೇಷ 1. 561 ಇನ್ನೂ ಜಾಣ. ತನ್ನೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆಯನ್ನು ಹಿಡಿದು ಪರೀಕ್ಷಿಸಿದರೂ ಅದು ಸಿಕ್ಕಿಬೀಳುವುದಿಲ್ಲ.

ಇಲ್ಲಿ 881 ನೆರವಿಗೆ ಬರುತ್ತದೆ. 671322 ÷ 881 = 762. ಮೇಲಿನ ವಿಧಾನದಲ್ಲೇ 2ರ 762ನೇ ಘಾತದ ಶೇಷ ಹುಡುಕಿ. ಮೆಟ್ಟಿಲುಗಳು: 23ಕ್ಕೆ 332732, 47ಕ್ಕೆ 45204, 95ಕ್ಕೆ 460131, 190ಕ್ಕೆ 32067, 381ಕ್ಕೆ 322629, 762ಕ್ಕೆ 169168. ಇದರಿಂದ 1 ಕಳೆದು, 169167 ಮತ್ತು 671323ರ ಮ.ಸಾ.ಅ. ತೆಗೆಯಿರಿ. ಭಾಗಾಕಾರ ಸರಣಿಯಲ್ಲಿ ಬರುವ ಶೇಷಗಳು 163822, 5345, 3472, 1873, 1599, 274, 229, 45, 4, 1. ಮ.ಸಾ.ಅ. 1.

ಇದರಿಂದ ಏನು ಸಿದ್ಧವಾಯಿತು? 671323ಕ್ಕೆ ಯಾವುದೋ ಒಂದು ಅವಿಭಾಜ್ಯ ಅಪವರ್ತನವಿದೆ ಎಂದುಕೊಳ್ಳಿ, ಅದನ್ನು ‘ಪ’ ಎನ್ನೋಣ. 169168ನ್ನು ಗುಣಿಸುತ್ತ ಹೋದರೆ 881ನೇ ಘಾತಕ್ಕೆ ‘ಪ’ದ ಲೆಕ್ಕದಲ್ಲಿ ಶೇಷ 1 ಬರುತ್ತದೆ. ಮೊದಲನೇ ಘಾತಕ್ಕೇ 1 ಬರುವುದಿಲ್ಲ, ಮ.ಸಾ.ಅ. 1 ಎಂದು ಈಗಷ್ಟೇ ಕಂಡೆವು. 881 ಅವಿಭಾಜ್ಯ ಆದ್ದರಿಂದ ನಡುವೆ ಬೇರೆಲ್ಲೂ 1 ಬರಲು ಆಸ್ಪದವಿಲ್ಲ. ಹಾಗಾಗಿ ಶೇಷಗಳ ಸುತ್ತು ಸರಿಯಾಗಿ 881 ಹೆಜ್ಜೆಯದು. ಫರ್ಮಾನ ನಿಯಮದಂತೆ ಈ ಸುತ್ತಿನ ಉದ್ದ ‘ಪ’ಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು. ಅಂದರೆ ‘ಪ’ ಕನಿಷ್ಠ 882. ಆದರೆ ಒಡೆಯುವ ಸಂಖ್ಯೆಯಾಗಿದ್ದರೆ 819ರೊಳಗೆ ಒಂದು ಅಪವರ್ತನ ಇರಲೇಬೇಕಿತ್ತು. ಇಲ್ಲ. ಆದ್ದರಿಂದ 671323 ಅವಿಭಾಜ್ಯ. ಈ ಮಾರ್ಗವನ್ನು 1914ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಪಾಕ್ಲಿಂಗ್ಟನ್.

ಉಪ್ಪಳದ ಸಂಖ್ಯೆಯ ಸ್ವಂತ ಗುಣವನ್ನೂ ಹೇಳಿಬಿಡೋಣ. ಅದಕ್ಕೆ 16 ಭಾಜಕಗಳು. ಅವುಗಳ ಮೊತ್ತ 3 × 4 × 128 × 882 = 1354752. ಅದರಿಂದ ಸಂಖ್ಯೆಯನ್ನೇ ಕಳೆದರೆ 683430, ಅಂದರೆ ಮೂಲ ಸಂಖ್ಯೆಗಿಂತ 12108 ಹೆಚ್ಚು. 6ನ್ನು ಬಿಟ್ಟು 6ರ ಎಲ್ಲ ಅಪವರ್ತ್ಯಗಳೂ ಹೀಗೆ ತಮ್ಮನ್ನೇ ಮೀರುತ್ತವೆ.

ಪ್ರಶ್ನೆ (ಕಾಸರಗೋಡು ಪೇಟೆ): ಪ್ರಧಾನ ಅಂಚೆ ಕಚೇರಿಯ 671121ಕ್ಕೆ ಎಷ್ಟು ಭಾಜಕಗಳು? ಅದು ಪರಿಪೂರ್ಣ ಸಂಖ್ಯೆ ಆಗಬಹುದೆ?

ಉತ್ತರ: 12 ಭಾಜಕಗಳು, ಪರಿಪೂರ್ಣವಲ್ಲ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾಗುವ ಸಂಖ್ಯೆ ಪರಿಪೂರ್ಣ). ಅಂಕಿಗಳ ಮೊತ್ತ 18 ಆದ್ದರಿಂದ 9ರಿಂದ ಹೋಗುತ್ತದೆ. 671 − 121 = 550; ಇದು 11ರಿಂದ ಹೋಗುತ್ತದೆ, 7 ಮತ್ತು 13ರಿಂದ ಹೋಗುವುದಿಲ್ಲ. 671121 ÷ 99 = 6779. ಇದರ ವರ್ಗಮೂಲ 82ರ ಆಸುಪಾಸು, 79ರವರೆಗಿನ ಅವಿಭಾಜ್ಯಗಳಲ್ಲಿ ಯಾವುದೂ ಇದನ್ನು ಭಾಗಿಸುವುದಿಲ್ಲ. ಆದ್ದರಿಂದ 671121 = 3 × 3 × 11 × 6779.

ಭಾಜಕಗಳನ್ನು ಎಣಿಸುವ ಕ್ರಮ: ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿಸಿ ಗುಣಿಸಿ. 3ರ ಘಾತ 2, ಉಳಿದೆರಡರದು 1. ಆದ್ದರಿಂದ 3 × 2 × 2 = 12. ಅವು: 1, 3, 9, 11, 33, 99, 6779, 20337, 61011, 74569, 223707, 671121. ಎರಡು 3ಗಳನ್ನು ಬೇರೆ ಬೇರೆ ಅಪವರ್ತನವೆಂದು ಎಣಿಸಿ 16 ಎಂದು ಬರೆಯುವ ತಪ್ಪು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮೊತ್ತ (1+3+9) × (1+11) × (1+6779) = 1057680. ಸಂಖ್ಯೆಯನ್ನೇ ಬಿಟ್ಟರೆ 386559, ಸಂಖ್ಯೆಗಿಂತ ತುಂಬ ಕಡಿಮೆ. ಇದುವರೆಗೆ ತಿಳಿದ ಪರಿಪೂರ್ಣ ಸಂಖ್ಯೆಗಳೆಲ್ಲ ಸಮಸಂಖ್ಯೆಗಳೇ. ಆರಂಕಿಯಲ್ಲಿ ಒಂದೂ ಇಲ್ಲ: 8128 ಆದ ಮೇಲೆ ಮುಂದಿನದು 33550336.

ಪ್ರಶ್ನೆ (ಬದಿಯಡ್ಕ): ನಾನು ಕನ್ನಡ ಮಾಧ್ಯಮ ಶಾಲೆಯ ಟೀಚರ್. ಮಕ್ಕಳಿಂದ 671300ರಿಂದ 671399ರವರೆಗಿನ ಅವಿಭಾಜ್ಯಗಳನ್ನು ಹುಡುಕಿಸಬೇಕೆಂದಿದ್ದೇನೆ. ಒಂದೊಂದನ್ನೂ 141 ಸಲ ಭಾಗಿಸಿದರೆ ವರ್ಷ ಮುಗಿದೀತು. ಸುಲಭದ ದಾರಿ ಇದೆಯೆ?

ಉತ್ತರ: ಸಂಖ್ಯೆಗಳನ್ನು ಭಾಗಿಸಬೇಡಿ, ಜರಡಿ ಹಿಡಿಯಿರಿ ಟೀಚರ್. ಹತ್ತು ಅಡ್ಡಸಾಲು, ಹತ್ತು ಉದ್ದಸಾಲುಗಳ ಚೌಕಳಿಯಲ್ಲಿ ನೂರು ಸಂಖ್ಯೆ ಬರೆಸಿ. 2, 3, 5ರ ಅಪವರ್ತ್ಯಗಳನ್ನು ಹೊಡೆದುಹಾಕಿದರೆ 26 ಉಳಿಯುತ್ತವೆ. 3ಕ್ಕೆ ಮೊದಲ ಏಟು 671301ಕ್ಕೆ.

ಆಮೇಲೆ ಪ್ರತಿ ಅವಿಭಾಜ್ಯಕ್ಕೂ 671300ನ್ನು ಒಮ್ಮೆ ಮಾತ್ರ ಭಾಗಿಸಿ ಶೇಷ ತೆಗೆಯಬೇಕು. ಆ ಶೇಷವನ್ನು ಭಾಜಕದಿಂದ ಕಳೆದರೆ ಮೊದಲ ಏಟು ಎಲ್ಲಿ ಎಂದು ತಿಳಿಯುತ್ತದೆ. 11ಕ್ಕೆ ಶೇಷ 3, ಆದ್ದರಿಂದ ಮೊದಲ ಏಟು 8ನೇ ಸ್ಥಾನಕ್ಕೆ, 671308. ಅಲ್ಲಿಂದ ಹನ್ನೊಂದೊಂದರಂತೆ ಮುಂದೆ. 13ಕ್ಕೆ ಶೇಷ 6, ಮೊದಲ ಏಟು 671307. 17ಕ್ಕೆ ಶೇಷ 4, ಮೊದಲ ಏಟು 671313. 7ಕ್ಕೆ ಶೇಷವೇ ಇಲ್ಲ, ಏಟು 671300ರಿಂದಲೇ ಶುರು. ಮಕ್ಕಳು ತಪ್ಪುವುದು ಇಲ್ಲೇ. ಶೇಷ 3 ಬಂದರೆ 3ನೇ ಸ್ಥಾನವನ್ನೇ ಹೊಡೆಯುತ್ತಾರೆ. ಹಾಗೆ ಹೊಡೆದರೆ ಮಂಜೇಶ್ವರದ ಸಂಖ್ಯೆಯೂ ಬಿದ್ದುಹೋಗಬಹುದು: 3ಕ್ಕೆ 671300ರ ಶೇಷ 2, ಆ 2ನೇ ಸ್ಥಾನದಿಂದ ಮೂರು ಮೂರರಂತೆ ಹೊಡೆಯುತ್ತ ಹೋದರೆ 23ನೇ ಸ್ಥಾನಕ್ಕೂ ಏಟು ಬೀಳುತ್ತದೆ.

100 ದಾಟಿದ ಅವಿಭಾಜ್ಯಗಳು ಈ ಚೌಕಳಿಯಲ್ಲಿ ಹೆಚ್ಚೆಂದರೆ ಒಂದು ಮನೆ ಹೊಡೆಯುತ್ತವೆ, ಹಲವು ಒಂದನ್ನೂ ಹೊಡೆಯುವುದಿಲ್ಲ. 127ಕ್ಕೆ ಶೇಷ 105, ಕಳೆದರೆ 22, ಏಟು ಉಪ್ಪಳಕ್ಕೆ. 30 ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಐದರಂತೆ ಹಂಚಿದರೆ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಪ್ರತಿ ಭಾಜಕವನ್ನು ಇಬ್ಬರು ಮಕ್ಕಳಿಗೆ ಕೊಟ್ಟು ಶೇಷಗಳನ್ನು ತಾಳೆ ನೋಡಿಸಿದರೆ ಇನ್ನೂ ಒಳ್ಳೆಯದು. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೊಂದು ಅವಿಭಾಜ್ಯ ಬರುತ್ತದೆ, ನೂರರಲ್ಲಿ ಏಳೆಂಟು ನಿರೀಕ್ಷಿಸಬಹುದು. ತೀರ ಹೆಚ್ಚು ಉಳಿದರೆ ಯಾವುದೋ ಏಟು ಬಿಟ್ಟಿದೆ ಎಂದು ಅನುಮಾನಿಸಿ.

ಪ್ರಶ್ನೆ (ಹೊಸೂರು): ಇಪ್ಪತ್ತು ಅಂಕಿಯ ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾದರೂ ಅಪವರ್ತನ ಗೊತ್ತಾಗದೆ ಇರಬಹುದು ಎಂದು ಓದಿದೆ. ಇದು ಹೇಗೆ ಸಾಧ್ಯ?

ಉತ್ತರ: ಮೇಲಿನ ಫರ್ಮಾ ಪರೀಕ್ಷೆಯನ್ನೇ ನೆನೆಯಿರಿ. ಕೊನೆಗೆ ಶೇಷ 1 ಬರದಿದ್ದರೆ ಆ ಸಂಖ್ಯೆ ಖಂಡಿತ ಅವಿಭಾಜ್ಯವಲ್ಲ. ಆದರೆ ಯಾವುದರಿಂದ ಒಡೆಯುತ್ತದೆ ಎಂದು ಆ ಲೆಕ್ಕ ಹೇಳುವುದಿಲ್ಲ. 2ರ 67ನೇ ಘಾತದಿಂದ 1 ಕಳೆದರೆ ಬರುವ 147573952589676412927 ಒಡೆಯುವ ಸಂಖ್ಯೆ ಎಂದು ಫ್ರಾನ್ಸಿನ ಲ್ಯೂಕಾ 1876ರಲ್ಲೇ ತೋರಿಸಿದ್ದರು. ಅಪವರ್ತನ ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಕೋಲ್ ಅವರಿಗೆ: 193707721 × 761838257287. ಮೂರೂ ಸಂಖ್ಯೆಗಳ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿ ನೋಡಿ, ಮೂರರಲ್ಲೂ ಶೇಷ 1. ಗುಣಾಕಾರದ ಮೊದಲ ತಪಾಸಣೆ ಅಷ್ಟಕ್ಕೇ ಆಗುತ್ತದೆ.

ಶ್ರಮದ ಅಂತರ ನೋಡಿ. 18 ಅಂಕಿಯ ಸಂಖ್ಯೆಯನ್ನು ಭಾಗಾಕಾರದಿಂದಲೇ ಪರೀಕ್ಷಿಸಬೇಕಾದರೆ ನೂರು ಕೋಟಿಯೊಳಗಿನ ಅವಿಭಾಜ್ಯಗಳೆಲ್ಲ ಬೇಕು, ಅವು 5,08,47,534. ಅದೇ ಸಂಖ್ಯೆಗೆ ವರ್ಗ ಮಾಡುತ್ತ ಏರುವ ಮೆಟ್ಟಿಲುಗಳು ಸುಮಾರು 60 ಮಾತ್ರ. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಬೇರ್ಪಡಿಸುವುದು ಕಷ್ಟ. ಆರ್‌ಎಸ್‌ಎ ಎಂಬ ಗೂಢಲಿಪಿ ನಿಂತಿರುವುದು ಈ ಅಂತರದ ಮೇಲೆ.

ಪ್ರಶ್ನೆ (ಆದೋನಿ): ಅಂಗಡಿಯ ಲೆಕ್ಕದಲ್ಲಿ ಎರಡು ಕಡೆಯ ಮೊತ್ತ ತಾಳೆಯಾಗದಿದ್ದಾಗ ಹಳಬರು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಾರೆ. ಯಾಕೆ?

ಉತ್ತರ: ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯ. 48,573 ಎಂಬುದನ್ನು 48,753 ಎಂದು ಬರೆದರೆ 180 ಹೆಚ್ಚಾಗುತ್ತದೆ; 180 = 90 × 2. ಈ 90 ಹೇಳುವುದು ಹತ್ತರ ಮತ್ತು ನೂರರ ಸ್ಥಾನದ ಅಂಕಿಗಳು ಬದಲಾಗಿವೆ ಎಂದು, 2 ಹೇಳುವುದು ಆ ಅಂಕಿಗಳ ಅಂತರ. ಹಾಗಾಗಿ ಆ ಎರಡು ಸ್ಥಾನಗಳಲ್ಲಿ 2ರ ಅಂತರವಿರುವ ಮೊಬಲಗುಗಳನ್ನು ಮೊದಲು ಹುಡುಕಿ. ಸೊನ್ನೆ ಹೆಚ್ಚು ಬಿದ್ದಿದ್ದರೂ ವ್ಯತ್ಯಾಸ 9ರಿಂದ ಹೋಗುತ್ತದೆ: 450ನ್ನು 4500 ಎಂದು ಬರೆದರೆ 4050 ಹೆಚ್ಚು, 9ರಿಂದ ಭಾಗಿಸಿದರೆ 450 ಎಂಬ ಮೊತ್ತವೇ ಎದುರಿಗೆ ಬರುತ್ತದೆ. ಇದೇ ಕಾರಣಕ್ಕೆ ಗುಣಾಕಾರವನ್ನು 9ರಿಂದ ಮಾತ್ರ ತಪಾಸಣೆ ಮಾಡಿದರೆ ಅದಲುಬದಲು ಸಿಕ್ಕಿಬೀಳುವುದಿಲ್ಲ. ಜೊತೆಗೆ 11ರಿಂದಲೂ ನೋಡಿದರೆ ಅಕ್ಕಪಕ್ಕದ ಅಂಕಿಗಳ ಅದಲುಬದಲು ಸಿಗುತ್ತದೆ.

ಪ್ರಶ್ನೆ (ಅಕ್ಕಲಕೋಟೆ): ಎಕ್ಸೆಲ್‌ನಲ್ಲಿ 16 ಅಂಕಿಯ ಸಂಖ್ಯೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಸರಿಪಡಿಸುವುದು ಹೇಗೆ?

ಉತ್ತರ: ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 1234567890123456 ಎಂದು ಹೊಡೆದರೆ 1234567890123450 ಆಗುತ್ತದೆ. ಹೋದ ಅಂಕಿ ಮರಳಿ ಬರುವುದಿಲ್ಲ, ಆಮೇಲೆ ಫಾರ್ಮ್ಯಾಟ್ ಬದಲಿಸಿ ಪ್ರಯೋಜನವಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿ, ಇಲ್ಲವೆ ಸಂಖ್ಯೆಯ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ. ಬೇರೆ ಫೈಲಿನಿಂದ ತರುವಾಗಲೂ ಆ ಕಾಲಂ ಟೆಕ್ಸ್ಟ್ ಎಂದು ಮೊದಲೇ ಆರಿಸಬೇಕು. 12 ಅಂಕಿಯ ಸಂಖ್ಯೆ 1.23457ಇ+11 ಎಂಬ ರೂಪದಲ್ಲಿ ಕಾಣಿಸುವುದು ಬೇರೆ ವಿಷಯ. ಅಲ್ಲಿ ಅಂಕಿ ಕಳೆದಿಲ್ಲ, ತೋರಿಸುವ ರೀತಿ ಮಾತ್ರ ಬದಲಾಗಿದೆ.

ಮೂಲ ಕಾರಣ ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ರೀತಿಯಲ್ಲಿದೆ. ಅದರಲ್ಲಿ 2ರ 53ನೇ ಘಾತ, ಅಂದರೆ 9007199254740992ರವರೆಗೆ ಎಲ್ಲ ಪೂರ್ಣಸಂಖ್ಯೆಗಳಿಗೂ ಜಾಗವಿದೆ. ಅದರ ಮುಂದಿನ ಬೆಸಸಂಖ್ಯೆ ...993ಕ್ಕೆ ಜಾಗವಿಲ್ಲ.

ಪ್ರಶ್ನೆ (ಮಡಕಶಿರ): ಕೋಟಿ ಆದ ಮೇಲೆ ನಮ್ಮಲ್ಲಿ ಹೆಸರುಗಳಿದ್ದವೆ? ಅರ್ಬುದ ಎಂದರೆ ಎಷ್ಟು?

ಉತ್ತರ: ಯಾರ ಪಟ್ಟಿ ಎಂಬುದರ ಮೇಲೆ ನಿಂತಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರಿದೆ. ಕೋಟಿ, ದಶಕೋಟಿ, ಶತಕೋಟಿ ಆದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಇಲ್ಲಿ ಅರ್ಬುದ ಎಂದರೆ 1ರ ಮುಂದೆ 10 ಸೊನ್ನೆ, ಮಹಾಕ್ಷೋಭಕ್ಕೆ 23. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಅರ್ಬುದಕ್ಕೆ 8 ಸೊನ್ನೆ ಮಾತ್ರ. ಹಳೆಯ ಗ್ರಂಥಗಳಲ್ಲಿ ಈ ಪದ ಕಂಡರೆ ಯಾವ ಪರಂಪರೆಯದು ಎಂದು ನೋಡದೆ ಸಂಖ್ಯೆಗೆ ಬದಲಿಸಬೇಡಿ, ನೂರು ಪಟ್ಟು ವ್ಯತ್ಯಾಸವಾದೀತು. ಮಹಾವೀರನ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದದ್ದರಿಂದ ನಿಮ್ಮ ಕಡೆಗೂ ಅದು ಹೊಸದಲ್ಲ.

ಅದೇ ಗ್ರಂಥದಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳಿವೆ. 139 × 109 = 15151. 12345679 × 9 = 111111111. 152207 × 73 = 11111111. ಕೊನೆಯದು ಹೇಗೆ ಬಂತು ಎಂದು ಒಡೆದೇ ತಿಳಿಯಬೇಕು. ಎಂಟು ಒಂದುಗಳೆಂದರೆ 1111 × 10001. ಇದರಲ್ಲಿ 1111 = 11 × 101, 10001 = 73 × 137. 73ನ್ನು ಒಂದು ಕಡೆ ಇಟ್ಟು ಉಳಿದ 11, 101, 137 ಮೂರನ್ನೂ ಗುಣಿಸಿದರೆ 152207. ಬೇಕಾದರೆ 137ನ್ನು ಬೇರೆ ಇಟ್ಟು ನಿಮ್ಮದೇ ಹಾರ ಕಟ್ಟಬಹುದು: 81103 × 137.